ಗಮನಕ್ಕ ಹೊರಟ ದಿನ

ಬಸ್ ನಿಲ್ದಾಣದ ಮೇಲಂತಸ್ತಿನಲ್ಲಿ ಒಂದು ಗಾಜಿನ ಕೋಣೆ. ಒಳಗೆ ಒಂದು ಮೇಜು, ಒಂದು ಮೈಕು, ಕೂತು ಕೂತು ಕುಳಿ ಬಿದ್ದ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕೂತು, ಯಾವ ಬಸ್ಸು ಎಲ್ಲಿಂದ ಎಲ್ಲಿಗೆ ಹೊರಡುತ್ತದೆ ಎಂದು ಊರಿಗೆಲ್ಲ ಕೂಗಿ ಹೇಳುವವಳು ಗಮನಕ್ಕ. ಅಯ್ಯೋ, ಕೂಗಿ ಎಂದದ್ದು ತಪ್ಪಾಯಿತು. ಗಮನಕ್ಕ ಒಂದು ದಿನಕ್ಕೂ ಕೂಗಿದವಳಲ್ಲ. "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಶುರುಮಾಡಿದರೆ ಸಾಕು, ಕೆಳಗೆ ಕಿತ್ತಾಡುತ್ತಿದ್ದ ಗಂಡ ಹೆಂಡಿರು ಕೂಡ ಅರ್ಧ ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ತಲೆ ಎತ್ತುತ್ತಿದ್ದರು. ಏರಿಲ್ಲ, ಇಳಿತವಿಲ್ಲ, ಅವಸರವಂತೂ ಮೊದಲೇ ಇಲ್ಲ. ಜ್ವರದ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟಂಥ ದನಿ. ಆ ಎರಡು ಮಾತಿನಿಂದಲೇ ಯಾರೋ ತಲೆಹರಟೆ ಡ್ರೈವರು ಅವಳಿಗೆ ಈ ಹೆಸರಿಟ್ಟ. ಅಂಟಿದ್ದು ಅಂಟಿತು. ಈಗ ಬೀದಿಯ ತರಕಾರಿಯವಳೂ ಗಮನಕ್ಕ ಎಂದೇ ಕರೆಯುತ್ತಾಳೆ.

ಅಂಥ ಕೋಣೆಯಲ್ಲಿ ಕೂತವರಿಗೆ ಕನಸು ಕಾಣದೆ ಬೇರೆ ಗತಿಯಿಲ್ಲ. ಮಧ್ಯಾಹ್ನದ ಬಿಸಿಲು ಗಾಜಿನ ಮೂಲಕ ಒಳಗೆ ಬಂದು ಮೇಜಿನ ಮೇಲೆ ಮಲಗಿಬಿಡುತ್ತದೆ. ಕೆಳಗೆ ಬಸ್ಸುಗಳು ಮೆಲ್ಲಗೆ ಹಿಂದಕ್ಕೆ ಸರಿದು, ತಿರುಗಿ, ಗೇಟು ದಾಟಿ ಧೂಳಿನಲ್ಲಿ ಕರಗುತ್ತವೆ. ದಿನಕ್ಕೆ ಅದೆಷ್ಟು ಊರುಗಳ ಹೆಸರು ಅವಳ ನಾಲಿಗೆಯ ಮೇಲಿಂದ ಹಾದುಹೋಗುತ್ತಿದ್ದವೋ, ಒಂದನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ. ಹೆಸರಿನ ರುಚಿ ನೋಡಿಯೇ ಊರು ಕಟ್ಟಿಕೊಂಡಿದ್ದಳು. ಹೇಳುವಾಗ ತುಟಿ ದುಂಡಗಾಗುವ ಊರಿನಲ್ಲಿ ಕೆರೆಯಿರಬೇಕು, ಸಂಜೆಯ ಹೊತ್ತು ಜನ ಅದರ ಸುತ್ತ ಸುಮ್ಮನೆ ನಡೆಯುತ್ತಿರಬೇಕು. ನಾಲಿಗೆ ತಡವರಿಸುವ ಊರಿನಲ್ಲಿ ಬರೀ ಮೆಟ್ಟಿಲು, ಮನೆಯಿಂದ ಮನೆಗೆ ಹತ್ತಿ ಇಳಿಯುವುದೇ ಕೆಲಸ. "ಅಕ್ಕಾ, ಅಲ್ಲಿ ಯಾವ ಕೆರೆ? ಸಿಮೆಂಟ್ ಫ್ಯಾಕ್ಟರಿ ಇರೋದು" ಎಂದು ಒಮ್ಮೆ ಒಬ್ಬ ಕಂಡಕ್ಟರ್ ಹೇಳಿದ. ವಾರವಿಡೀ ಗಮನಕ್ಕ ಅವನ ಜೊತೆ ಮಾತು ಬಿಟ್ಟಿದ್ದಳು. ಇವನ್ಯಾರು ಹೇಳಲಿಕ್ಕೆ?

ಮಲಗಿದಾಗಲೂ ಅದೇ. ಒಂದು ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ಅವಳು ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದಾಳೆ. ಅದು ಬಸ್ಸೋ ರೈಲೋ ತಿಳಿಯದು, ಮೆತ್ತಗೆ ತೂಗುತ್ತಿದೆ. ಎಲ್ಲೋ ಮೇಲಿನಿಂದ ಯಾರೋ ಗಂಟಲು ಸರಿಮಾಡಿಕೊಳ್ಳುವ ಸದ್ದು. ಈಗ ಹೇಳುತ್ತಾರೆ, ನನ್ನ ಗಾಡಿ ಹೊರಡುತ್ತದೆ ಎಂದು ಇನ್ನೇನು ಹೇಳಿಬಿಡುತ್ತಾರೆ ಎಂದು ಗಮನಕ್ಕ ಉಸಿರು ಬಿಗಿಹಿಡಿಯುತ್ತಾಳೆ. ಅಷ್ಟರಲ್ಲಿ ಎಚ್ಚರವಾಗಿಬಿಡುತ್ತದೆ. ಆ ದನಿ ಯಾರದೆಂದು ತಿಳಿಯುವ ಮುಂಚೆ, ಪ್ರತಿ ಸಲವೂ. ಎಬ್ಬಿಸಿ ಹೇಳಿದರೆ ಗಂಡ ಮಗ್ಗುಲು ಬದಲಿಸಿ, "ನಿದ್ದೇಲೂ ಡ್ಯೂಟಿನಾ? ಸುಮ್ನೆ ಮಲ್ಕೊಳೇ" ಎನ್ನುತ್ತಿದ್ದ. ಅವನಿಗೆ ನಿದ್ದೆ ಎಂದರೆ ನಿದ್ದೆ, ಕನಸಿನ ತಂಟೆಯೇ ಇಲ್ಲ.

ಅವಳ ಕರ್ಮ ನೋಡಿ, ಲೋಕಕ್ಕೆಲ್ಲ ರಜೆ ಬಂದಾಗಲೇ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೀಗಾಗಿ ಮನೆಯವರು ಎಲ್ಲಿಗಾದರೂ ಹೊರಟರೆಂದರೆ ಗಮನಕ್ಕ ಗಾಜಿನ ಕೋಣೆಯಲ್ಲಿ ಇರಲೇಬೇಕು. ಗಂಡ ದರ್ಜಿ, ಅಂಗಡಿಯ ಬಾಗಿಲು ಎಳೆದುಕೊಂಡರೆ ಅವನಿಗೆ ರಜೆ. ಒಬ್ಬಳೇ ಮಗಳ ಕೈ ಹಿಡಿದು ಅವನೇ ಹೋಗಿಬರುತ್ತಿದ್ದ. ಆ ಮಗಳನ್ನು ಮನೆಯಲ್ಲಿ ಚಿನಕುರುಳಿ ಎನ್ನುತ್ತಿದ್ದರು. ಬಾಯಿ ಬಿಟ್ಟರೆ ಚಟಪಟ, ನಿಲ್ಲಿಸುವವರೇ ಇಲ್ಲ.

ಅಪ್ಪ ಮಗಳ ಮೊದಲನೆಯ ಪ್ರವಾಸದ ದಿನ ಚಿನಕುರುಳಿ ಬಸ್ಸಿನಲ್ಲಿದ್ದವರಿಗೆಲ್ಲ ಸಾರಿಬಿಟ್ಟಿದ್ದಳಂತೆ: "ಮೇಲೆ ಮಾತಾಡೋದು ನಮ್ಮಮ್ಮ! ನೋಡ್ತಾ ಇರಿ, ಈಗ ನನ್ನ ಹೆಸರು ಹೇಳ್ತಾಳೆ!" ಗಾಜಿನ ಕೋಣೆಯಿಂದ ಗಮನಕ್ಕನಿಗೆ ಎಲ್ಲ ಕಾಣುತ್ತಿತ್ತು. ಬಸ್ಸಿನ ಕಿಟಕಿಗೆ ಒತ್ತಿಕೊಂಡ ಎರಡು ಪುಟ್ಟ ಅಂಗೈ, ನಡುವೆ ಒಂದು ಮೂಗು. ಒಂದೇ ಒಂದು ಮಾತು ಸಾಕಾಗಿತ್ತು. ಆದರೆ ಮೈಕಿನಲ್ಲಿ ಸ್ವಂತ ಮಾತು ಆಡಕೂಡದು ಎಂಬುದು ಅಲ್ಲಿನ ಕಟ್ಟಪ್ಪಣೆ. ಅವಳಿಗಿಂತ ಮುಂಚೆ ಇದ್ದಾಕೆ ಅತ್ತಿಗೆಗೆ ಮೈಕಿನಲ್ಲೇ "ಹುಷಾರಾಗಿ ಹೋಗ್ಬನ್ನಿ" ಎಂದು ಹೇಳಿ ಕೆಲಸಕ್ಕೇ ಸಂಚಕಾರ ತಂದುಕೊಂಡಿದ್ದಳು. ಗಮನಕ್ಕ ಎಲ್ಲರಿಗೂ ಹೇಳುವುದನ್ನೇ ಹೇಳಿದಳು. ಬಸ್ಸು ಈಗ ಹೊರಡಲಿದೆ, ನಿಮ್ಮ ಪ್ರಯಾಣ ಸುಖಕರವಾಗಿರಲಿ. ಪುಟ್ಟ ಅಂಗೈಗಳು ಗಾಜಿನಿಂದ ಇಳಿದುಹೋದದ್ದು ಮೇಲಿನಿಂದ ಚೆನ್ನಾಗಿಯೇ ಕಂಡಿತು. ತಿರುಗಿ ಬಂದವಳು, "ಎಲ್ಲಾರ್ಗೂ ಹೇಳಿದ್ದೇ ನಂಗೂ ಹೇಳ್ಬಿಟ್ಟೆ" ಎಂದಳು, ಅಷ್ಟೆ. ಇನ್ನೊಮ್ಮೆ ಆ ಮಾತೆತ್ತಲಿಲ್ಲ. ಎತ್ತಿ, ಅತ್ತು, ರಂಪ ಮಾಡಿದ್ದರೆ ಗಮನಕ್ಕ ಮರೆತುಬಿಡುತ್ತಿದ್ದಳೋ ಏನೋ.

ಆ ಚಿನಕುರುಳಿ ಈಗ ಹಲ್ಲಿನ ಡಾಕ್ಟರು. ಎಂಥ ದೊಡ್ಡ ಮನುಷ್ಯನೇ ಆಗಲಿ, ಅವಳ ಮುಂದೆ ಬಾಯಿ ತೆರೆದುಕೊಂಡು ಕೂರಬೇಕು. ಮದುವೆಯಾಗಿ ಅವಳಿಗೂ ಒಬ್ಬ ಮಗಳು. ಬಟಾಣಿ ಎಂದು ಕರೆಯುವ ಆ ಮೊಮ್ಮಗಳು ಉರುಳಿಕೊಂಡೇ ಓಡಾಡುತ್ತಾಳೆ. ಈ ವರ್ಷದ ರಜೆಗೆ ಮಗಳು ಅಳಿಯ ಸೇರಿ ಒಂದು ದೋಣಿಯನ್ನೇ ಬಾಡಿಗೆಗೆ ಗೊತ್ತುಮಾಡಿದ್ದರು. ಚಾವಣಿಯಿರುವ ದೋಣಿ, ಒಳಗೆ ಮಲಗಲು ಜಾಗ, ಒಂದು ಒಲೆ, ಎರಡೂ ಕಡೆ ಕಿಟಕಿ. ನದಿಯ ಗುಂಟ ಕೆಳಕ್ಕೆ ಹೋಗುವುದು, ದಡದಲ್ಲಿ ಯಾವ ಊರು ಚೆಂದ ಕಂಡಿತೋ ಅಲ್ಲಿ ದೋಣಿ ಕಟ್ಟುವುದು, ಮತ್ತೆ ಹೋಗುವುದು. ಕೇಳಿದಾಗಿನಿಂದ ಗಮನಕ್ಕ ನೆಲದ ಮೇಲೆ ಇರಲೇ ಇಲ್ಲ. ಪಾತ್ರೆ ತೊಳೆಯುವಾಗ ನೀರು ಬಿಟ್ಟುಕೊಂಡು ಹಾಗೇ ನೋಡುತ್ತ ನಿಲ್ಲುತ್ತಿದ್ದಳು.

ಒಂದು ಸಂಜೆ ಅವಳ ಪಕ್ಕದಲ್ಲೇ ನಿಂತು ಲೋಟ ಒರೆಸುತ್ತಿದ್ದ ಮಗಳು ಕೇಳಿದಳು: "ಈ ಸಲ ನಿಜವಾಗ್ಲೂ ಬರ್ತೀಯಾಮ್ಮ?"

"ಬರ್ದೆ ಏನೇ? ಬರ್ತೀನಿ."

"ಹೋದ ಸಲಾನೂ ಹೀಗೇ ಅಂದಿದ್ದೆ. ಅದರ ಹಿಂದಿನ ಸಲಾನೂ." ಮಗಳು ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಈ ಸಲ ಬರ್ಲಿಲ್ಲ ಅಂದ್ರೆ ಇನ್ಮೇಲೆ ಕರೆಯಲ್ಲಮ್ಮ. ಸಿಟ್ಟಿಗೆ ಹೇಳ್ತಿಲ್ಲ. ಕರೆದೂ ಕರೆದೂ ಸಾಕಾಗಿದೆ, ಅಷ್ಟೆ."

ಸಿಟ್ಟಿನಿಂದ ಹೇಳಿದ್ದರೆ ಗಮನಕ್ಕನೂ ಸಿಟ್ಟಿನಿಂದಲೇ ಉತ್ತರ ಕೊಡುತ್ತಿದ್ದಳು. ಆದರೆ ಅಷ್ಟು ತಣ್ಣಗೆ ಹೇಳಿಬಿಟ್ಟಳಲ್ಲ. ಇನ್ನು ಕರೆಯುವುದಿಲ್ಲ ಎಂದರೆ ಇನ್ನು ಕಾಯುವುದೂ ಇಲ್ಲ ಎಂದಾಯಿತು.

ಮಾರನೆಯ ದಿನವೇ ಹೋಗಿ ನಿಲ್ದಾಣದ ಸಾಹೇಬರ ಎದುರು ನಿಂತಳು. "ರಜಾ ಕಾಲದಲ್ಲಿ ರಜೆ ಕೇಳ್ತಿದ್ದೀರಲ್ಲಮ್ಮ! ಎಲ್ಲಾದ್ರೂ ಉಂಟಾ?" ಎಂದರು ಸಾಹೇಬರು. "ಹೌದು ಸಾರ್. ರಜಾ ಕಾಲದಲ್ಲೇ ಬೇಕು" ಎಂದು ಅವಳು ಕದಲದೆ ನಿಂತಳು. ಸಾಹೇಬರು ಫೋನಿನಲ್ಲಿ ಮಾತಾಡಿದರು, ನೀರು ಕುಡಿದರು, ಮೂಗು ಒರೆಸಿಕೊಂಡರು. ಇವಳು ನಿಂತೇ ಇದ್ದಳು. ಕೊನೆಗೆ, ಟಿಕೆಟ್ ಕೌಂಟರಿನ ಹುಡುಗಿಯನ್ನು ಮೈಕಿಗೆ ಕೂರಿಸುವುದೆಂದು ಆಯಿತು. ಬೆಟ್ಟ ಅಗೆದಷ್ಟು ಸುಸ್ತಾಗಿ ಗಮನಕ್ಕ ಹೊರಬಂದಳು.

ಗಂಡ ಅವಳಿಗೆಂದು ಒಂದು ಕೋಟು ಹೊಲಿದ. ತಿಳಿ ನೀಲಿ ಬಟ್ಟೆ, ಒಳಗೆ ಮೆತ್ತನೆಯ ಅಸ್ತರು. ಹಾಕಿಕೊಂಡು ಕನ್ನಡಿ ಮುಂದೆ ತಿರುಗಿದಳು.

"ಇಷ್ಟು ದೊಡ್ಡ ಜೇಬು ಯಾಕ್ರೀ? ತರಕಾರಿ ತರಕ್ಕಾ?"

"ಕೈ ಇಟ್ಕೊಳ್ಳಕ್ಕೆ" ಎಂದ ಗಂಡ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಕೆಲಸ ಇಲ್ದೇ ಇದ್ರೆ ನಿನ್ನ ಕೈ ಸುಮ್ನಿರಲ್ಲ. ಎಲ್ಲಾದ್ರೂ ಏನಾದ್ರೂ ಮಾಡ್ಬಿಡತ್ತೆ."

"ನೋಡಿದ್ರಾ, ಮಾತಾಡಿದ್ರು ದೊಡ್ಡವರು!" ಎಂದಳಾದರೂ, ಅಂಥ ಕೋಟು ಯಾರ ಮೈಮೇಲೂ ಇರಲಾರದು ಎಂದು ಅವಳಿಗೆ ಒಳಗೊಳಗೇ ಅನ್ನಿಸಿತು.

ಹೊರಡುವ ದಿನ ಬೆಳಗ್ಗೆ, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಎಲ್ಲ ಬುಟ್ಟಿಗೆ ತುಂಬಿ ಆಗಿತ್ತು. ಫೋನು ಬಡಿದುಕೊಂಡಿತು. ಸಾಹೇಬರೇ. ಕೌಂಟರಿನ ಹುಡುಗಿಗೆ ಗಂಟಲು ಕಟ್ಟಿದೆಯಂತೆ. "ಒಂದೇ ಒಂದು ಗಂಟೆ ಬಂದು ಹೋಗಿ ಅಮ್ಮಾ, ಜನ ಕುರಿಗಳ ಹಾಗೆ ನುಗ್ತಿದ್ದಾರೆ." ಗಮನಕ್ಕ ತಲೆ ಎತ್ತಿದಳು. ಬಾಗಿಲಲ್ಲಿ ಮಗಳು, ಕೈಯಲ್ಲಿ ಚೀಲ, ಮುಖದಲ್ಲಿ ಏನೂ ಇಲ್ಲ. ಮುಂದಿನದು ಗೊತ್ತಿರುವವರ ಮುಖ ಹಾಗಿರುತ್ತದೆ.

"ನಾನು ಊರಲ್ಲಿಲ್ಲ ಸಾರ್" ಎಂದಳು ಗಮನಕ್ಕ, ಅಡುಗೆಮನೆಯ ನಡುವೆ ನಿಂತು. "ಆಗಲೇ ನೀರಿನ ಮೇಲಿದೀನಿ. ಕೇಳಿಸ್ತಿದೆಯಾ? ಕೇಳಿಸ್ತಿಲ್ಲ." ಫೋನು ಇಟ್ಟೇಬಿಟ್ಟಳು. ಅಷ್ಟು ಹಸಿ ಸುಳ್ಳು ಅಷ್ಟು ನಯವಾದ ದನಿಯಲ್ಲಿ! ಅಳಿಯ ಕೆಮ್ಮಿ ನಗು ನುಂಗಿಕೊಂಡ. ಮಗಳ ತುಟಿಯ ಒಂದು ಕೊನೆ ಮಾತ್ರ ಅಲುಗಿತು.

ನದಿಯ ಹತ್ತಿರ ಬಂದಾಗ ಮಂಜು ಇನ್ನೂ ಸರಿದಿರಲಿಲ್ಲ. ಆಚೆಯ ದಡವೇ ಇಲ್ಲ. ದೋಣಿಗಳನ್ನು ಕಟ್ಟುವ ಹಲಗೆಯ ಕಟ್ಟೆ ಬಿಳಿ ಮಂಜಿನೊಳಗೆ ಸ್ವಲ್ಪ ದೂರ ಹೋಗಿ ಮುಗಿದುಹೋಗಿತ್ತು. ನೀರು ಹಲಗೆಯ ಕೆಳಗೆ ಗುಳುಗುಳು ಎನ್ನುತ್ತಿತ್ತು. ದೋಣಿಯೂ ಅರ್ಧವೇ ಕಾಣುತ್ತಿತ್ತು, ಕಿಟಕಿಗಳಲ್ಲಿ ಹಳದಿ ಪರದೆ. ಗಮನಕ್ಕನಿಗೆ ಇದನ್ನೆಲ್ಲ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಮಾತಾಡಿದರೆ ಎಲ್ಲಿ ಕರಗಿಹೋಗುತ್ತದೋ ಎಂದು ಮೆಲ್ಲಗೆ ಕಾಲಿಟ್ಟುಕೊಂಡು ನಡೆದಳು.

ದೋಣಿಯವನು ನಿದ್ದೆಗಣ್ಣಿನ ನಿಧಾನದ ಮನುಷ್ಯ. "ಬನ್ನಿ, ಬನ್ನಿ, ನದಿ ಎಲ್ಲೂ ಓಡಿಹೋಗಲ್ಲ" ಎಂದು ಆಕಳಿಸುತ್ತ ಸ್ವಾಗತಿಸಿದ. ಗಂಡ ಒಳಗೆ ಹೋಗಿ ಹಾಸಿಗೆಯನ್ನು ಗೇಣು ಹಾಕಿ ಅಳೆಯತೊಡಗಿದ, ದರ್ಜಿ ಬುದ್ಧಿ. ಮಗಳು ಬಟಾಣಿಯನ್ನು ಹಿಡಿದು ಲೈಫ್ ಜಾಕೆಟ್ಟು ತೊಡಿಸುವ ಕುಸ್ತಿಯಲ್ಲಿದ್ದಳು. ಗಮನಕ್ಕ ಕಟ್ಟೆಯ ಮೇಲೆಯೇ ನಿಂತು ಸಾಮಾನುಗಳನ್ನು ಒಂದೊಂದಾಗಿ ಎತ್ತಿ ಅಳಿಯನಿಗೆ ಕೊಟ್ಟಳು. ಬುಟ್ಟಿ, ಹೊದಿಕೆ, ಚೀಲ, ಕೊಡೆ, ಮತ್ತೊಂದು ಚೀಲ. ಎಲ್ಲ ಮುಗಿಯಿತು.

ದೋಣಿಯವನು ಹಿಂದುಗಡೆ ಇಂಜಿನ್ನಿನ ಹತ್ತಿರ ಹೋಗುತ್ತ, "ಆ ಹಗ್ಗ ಗೂಟದಿಂದ ತೆಗೆದು ಎಸೆದು ಹತ್ಕೊಳಿ ಅಮ್ಮಾ" ಎಂದ. ಅದೇ ಹೊತ್ತಿಗೆ ಹಳದಿ ಪರದೆಯ ನಡುವಿನಿಂದ ಒಂದು ತಲೆ ಹೊರಬಂತು.

"ಅಜ್ಜೀ, ಬಸ್ಸಿಗೆ ಹೇಳ್ತೀಯಲ್ಲ, ಹಾಗೆ ನಮ್ ದೋಣಿಗೂ ಹೇಳು!"

ಮೊಮ್ಮಗಳು ಕೇಳಿದ ಮೇಲೆ ಮುಗಿಯಿತಲ್ಲ. ಗಮನಕ್ಕ ನೆಟ್ಟಗೆ ನಿಂತಳು. ಗಂಟಲು ಸರಿಮಾಡಿಕೊಂಡಳು. "ಪ್ರಯಾಣಿಕರ ಗಮನಕ್ಕೆ. ನದಿಯ ಕೆಳಗಿನ ಊರುಗಳಿಗೆ ಹೋಗುವ ದೋಣಿ ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ. ಪ್ರಯಾಣಿಕರು ತಮ್ಮ ತಮ್ಮ ಜಾಗದಲ್ಲಿ ಕುಳಿತುಕೊಳ್ಳಬೇಕಾಗಿ ವಿನಂತಿ. ನಿಮ್ಮ ಪ್ರಯಾಣ ಸುಖಕರವಾಗಿರಲಿ." ಮೈಕಿಲ್ಲದಿದ್ದರೂ ಆ ದನಿ ನೀರಿನ ಮೇಲೆ ಹಾಸಿಕೊಂಡು ಹೋಯಿತು. ಪಕ್ಕದ ದೋಣಿಯಲ್ಲಿ ಮುಖ ತೊಳೆಯುತ್ತಿದ್ದವರೂ ಕೈ ನಿಲ್ಲಿಸಿದರು.

ಹೇಳಿ ಮುಗಿಸುತ್ತಲೇ ಕೈ ತಾನೇ ಗೂಟದ ಹಗ್ಗ ಬಿಚ್ಚಿತು, ದೋಣಿಗೆ ಎಸೆಯಿತು. ಅಳಿಯ ಅದನ್ನು ಹಿಡಿದು ಬಗ್ಗಿ ಸುತ್ತತೊಡಗಿದ. ಇಂಜಿನ್ನು ಗುಟುರು ಹಾಕಿತು. ಅಜ್ಜಿ ಹಿಂದುಗಡೆಯಿಂದ ಹತ್ತಿರಬೇಕೆಂದು ಮುಂದಿದ್ದವರೂ, ಮುಂದುಗಡೆಯಿಂದ ಹತ್ತಿರಬೇಕೆಂದು ಹಿಂದಿದ್ದ ದೋಣಿಯವನೂ ಅಂದುಕೊಂಡರು. ಗಮನಕ್ಕ ಮಾತ್ರ ತನ್ನ ಕೆಲಸ ಮುಗಿಯಿತೆಂಬಂತೆ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತಳು. ದೋಣಿ ಕಟ್ಟೆಯನ್ನು ಬಿಟ್ಟು ಜಾರಿತು. ಎಷ್ಟು ಚೆನ್ನಾಗಿ ಹೊರಟಿತು! ತಡವಿಲ್ಲ, ನೂಕುನುಗ್ಗಲಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಗೇಟು ದಾಟಿದಾಗಲೆಲ್ಲ ಆಗುತ್ತಿದ್ದ ಆ ತುಂಬು ಸಮಾಧಾನ ಅವಳ ಮೈಯೆಲ್ಲ ಹರಡಿತು. ಹಳದಿ ಪರದೆಗಳು ಮಂಜಿನೊಳಗೆ ಹೋಗುವುದನ್ನು ಕಣ್ತುಂಬ ನೋಡಿ, ಅವಳು ಬೆನ್ನು ತಿರುಗಿಸಿ ನಿಧಾನಕ್ಕೆ ದಡದ ಮೇಲಿದ್ದ ಟೀ ಅಂಗಡಿಯ ಕಡೆ ನಡೆದಳು. ಬೆಳಗಿನ ಬಸ್ಸು ಹೋದ ಮೇಲೆ ಒಂದು ಟೀ. ಎಷ್ಟು ಕಾಲದಿಂದ ನಡೆದುಬಂದದ್ದು!

"ಒಂದು ಟೀ ಕೊಡಪ್ಪಾ."

"ಕೊಡ್ತೀನಿ" ಎಂದ ಟೀ ಅಂಗಡಿಯವನು, ಅವಳನ್ನೂ ನದಿಯನ್ನೂ ನೋಡುತ್ತ. "ಆದ್ರೆ ಆ ದೋಣಿ ನಿಮ್ಮದೇ ಅಲ್ವೇನಮ್ಮಾ?"

ಗಮನಕ್ಕ ತಿರುಗಿದಳು. ಕೋಟು ನೋಡಿಕೊಂಡಳು. "ಅಯ್ಯಯ್ಯೋ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ನದಿಯ ಮೇಲೆ ಮಾತು ಬಲು ದೂರ ಬರುತ್ತದೆ, ಮಂಜಿನಲ್ಲಂತೂ ಕಿವಿಯ ಹತ್ತಿರವೇ ಆಡಿದಂತಿರುತ್ತದೆ. "ಅಮ್ಮಾ, ಅಜ್ಜಿ ಅಲ್ಲೇ ಇದಾಳೆ! ವಾಪಸ್ ಹೋಗ್ತಿದಾಳೆ!" ಎಂದಿತು ಬಟಾಣಿಯ ದನಿ. ಆಮೇಲೆ ಮಗಳ ದನಿ: "ಬಿಡು ಕಂದಾ. ಬರಲ್ಲ ಅಂತ ನಂಗೆ ಗೊತ್ತಿತ್ತು."

ಅಲ್ಲ ಕಣೇ, ಬೇಕೆಂದು ಮಾಡಿದ್ದಲ್ಲ! ಅವಳು ಕಟ್ಟೆಯ ತುದಿಗೆ ಓಡಿದಳು. ಬಾಯಿ ತೆರೆದಳು. ಬಂದದ್ದೇನು ಗೊತ್ತೇ? "ಪ್ರಯಾಣಿಕರ ಗಮನಕ್ಕೆ..." ಅದೇ ನಯ, ಅದೇ ಒದ್ದೆ ಬಟ್ಟೆ. ಅದರ ಮುಂದಿನ ಮಾತೇ ಅವಳಿಗೆ ಬರಲಿಲ್ಲ. ಹೊರಡಲಿದೆ ಎಂದು ಹೇಳಿ ಹೇಳಿ ಸವೆದ ಬಾಯಿ. ನಿಲ್ಲಿ ಎಂದು ಒಂದು ದಿನವೂ ಹೇಳಿದ್ದಿಲ್ಲ. ಬಸ್ಸಿನ ಹಿಂದೆ ಚೀಲ ಹಿಡಿದು ಓಡುವವರನ್ನು ಮೇಲಿನಿಂದ ಎಷ್ಟು ನೋಡಿದ್ದಳು, ಅವರಿಗಾಗಿಯೂ ಹೇಳಿದ್ದಿಲ್ಲ. ಹೇಳುವಂತಿರಲಿಲ್ಲ. ಇಂಜಿನ್ನಿನ ಸದ್ದು ಸಣ್ಣಗಾಗುತ್ತ ಹೋಯಿತು.

ಆಗ ಗಮನಕ್ಕ ಕೂಗಿದಳು.

"ಚಿನಕುರುಳೀ! ಏ ಚಿನಕುರುಳೀ! ನಿಲ್ಸೇ! ನಾನೂ ಬರ್ತೀನಿ ಕಣೇ!"

ಅದೇನು ದನಿ ಅಂತೀರಿ! ಒಡಕು, ಕೀರಲು, ಅರ್ಧ ಅಳು. ಸಂತೆಯಲ್ಲಿ ಮಗು ಕಳೆದುಕೊಂಡವಳು ಹಾಗೆ ಕೂಗಬೇಕು. ನೀರುಹಕ್ಕಿಗಳು ಎದ್ದು ಹಾರಿದವು. ಟೀ ಅಂಗಡಿಯವನ ಕೈಯಿಂದ ಸೌಟು ಬಿತ್ತು. ಸುತ್ತಲಿನ ದೋಣಿಗಳ ಕಿಟಕಿಗಳೆಲ್ಲ ತೆರೆದುಕೊಂಡವು. ಅವಳು ಕೂಗುತ್ತಲೇ ಕಟ್ಟೆಯಿಳಿದು ದಡದ ಕಾಲುಹಾದಿಯಲ್ಲಿ ಓಡಿದಳು; ಒಂದು ಚಪ್ಪಲಿ ಎಲ್ಲೋ ಹೋಯಿತು, ಕೋಟಿನ ಜೇಬುಗಳು ಎರಡೂ ಕಡೆ ಪಟಪಟ ಬಡಿದುಕೊಂಡವು. "ನಾನೂ ಬರ್ತೀನಿ! ನನ್ನ ಬಿಟ್ಟು ಹೋಗ್ಬೇಡ್ರೋ!"

ಮಂಜಿನೊಳಗೆ ಇಂಜಿನ್ನು ನಿಂತಿತು. "ನೀರು ಎಳೀತಿದೆ, ಹಿಂದಕ್ಕೆ ತಿರುಗ್ಸಕ್ಕಾಗಲ್ಲ! ಮುಂದೆ ಮೆಟ್ಟಿಲಿದೆ, ಅಲ್ಲಿ ದಡಕ್ಕೆ ಹಚ್ತೀನಿ!" ಎಂದು ದೋಣಿಯವನು ಕೂಗಿದ. ಅವನ ನಿದ್ದೆಯೂ ಹಾರಿಹೋಗಿತ್ತು.

ಕಲ್ಲಿನ ಮೆಟ್ಟಿಲುಗಳ ಹತ್ತಿರ ಅವಳು ಏದುಸಿರು ಬಿಡುತ್ತ ಬಂದು ನಿಂತಾಗ, ದೋಣಿಯ ಮೂತಿ ಮಂಜಿನಿಂದ ಮೆಲ್ಲಗೆ ಹೊರಬಂತು. ತುದಿಯಲ್ಲಿ ಮಗಳು ನಿಂತಿದ್ದಳು. ಕೈ ಚಾಚಿದ್ದಳು. ಹಿಂದೆ ಗಂಡ, ಒಂದು ಕೈಯಲ್ಲಿ ದಿಂಬು. ಹಾಗೇ ಎದ್ದು ಬಂದಿದ್ದ.

"ಅಷ್ಟು ಜೋರಾಗಿ ಆ ಹೆಸರು ಕೂಗೋದಾ?" ಮಗಳು ಬೈಯಲು ಹೊರಟಳು. "ನನ್ನ ಪೇಷೆಂಟುಗಳು ಅರ್ಧ ಜನ ಈ ದಡದಲ್ಲೇ ಇರೋದು. ನಾಳೆಯಿಂದ ನಂಗೆ ಯಾರಮ್ಮ ಹೆದರ್ತಾರೆ?"

ಗಮನಕ್ಕ ಆ ಕೈ ಹಿಡಿದು ಹತ್ತಿದಳು. ಹತ್ತಿದ ಮೇಲೂ ಬಿಡಲಿಲ್ಲ. "ಅವತ್ತೇ ಕೂಗ್ಬೇಕಿತ್ತು ಕಣೇ" ಎಂದಳು. "ಎಲ್ಲಾರ್ಗೂ ಹೇಳಿದ್ದೇ ನಿಂಗೂ ಹೇಳ್ಬಿಟ್ಟೆ."

ಮಗಳು ಅವಳ ಕೋಟಿನ ಕಾಲರು ಸರಿಮಾಡಿದಳು. ಸರಿಯಾಗಿದ್ದ ಕಾಲರನ್ನೇ ಮತ್ತೆ ಮತ್ತೆ ಸರಿಮಾಡಿದಳು. ಹೆಂಡತಿಯ ಬರಿಗಾಲು ನೋಡಿ ಗಂಡ, "ಕೈ ಜೇಬಲ್ಲಿ ಇಟ್ಕೋ ಅಂದಿದ್ದೆ. ಕೇಳಿದ್ಯಾ?" ಎಂದ.

ಕಿಟಕಿ ಪಕ್ಕದಲ್ಲಿ ಅವಳನ್ನು ಕೂರಿಸಿದರು. ಬಟಾಣಿ ತೊಡೆಯೇರಿ ಕೂತಿತು. ಹೊರಗೆ ಮಂಜು, ಮಂಜಿನಲ್ಲಿ ಎಲ್ಲೋ ಸೂರ್ಯ. ದೋಣಿ ಮೆತ್ತಗೆ ತೂಗುತ್ತಿತ್ತು. ಗಮನಕ್ಕ ಎರಡೂ ಕೈಗಳನ್ನು ಜೇಬಿನ ಆಳಕ್ಕೆ ಇಳಿಬಿಟ್ಟಳು, ಬೆಚ್ಚಗಿತ್ತು.

"ಇನ್ನು ಹೊರಡ್ಲಾ?" ದೋಣಿಯವನು ಹಿಂದಿನಿಂದ ಕೇಳಿದ. "ಯಾರಾದ್ರೂ ಹೇಳಿ. ಆ ಅಮ್ಮ ಮಾತ್ರ ಹೇಳ್ಬೇಡಿ!"

ಎಲ್ಲರೂ ಗೊಳ್ಳೆಂದು ನಕ್ಕರು. ನಗು ಅಡಗಿತು. ಚಾವಣಿಯ ಮೇಲೆ ಯಾರೋ ಹತ್ತಿದ ಸದ್ದಾಯಿತು. ಯಾರೋ ಗಂಟಲು ಸರಿಮಾಡಿಕೊಂಡರು.

ಗಮನಕ್ಕ ಉಸಿರು ಬಿಗಿಹಿಡಿದಳು.

"ಪ್ರಯಾಣಿಕರ ಗಮನಕ್ಕೆ" ಎಂದಿತು ಮೇಲಿನಿಂದ ಚಿನಕುರುಳಿಯ ದನಿ. "ಕಿಟಕಿ ಪಕ್ಕದ ಸೀಟಲ್ಲಿ ನಮ್ಮಮ್ಮ ಕೂತಿದಾಳೆ. ದೋಣಿ ಈಗ ಹೊರಡಲಿದೆ."

ಗಮನಕ್ಕ ಕಣ್ಣು ಮುಚ್ಚಿ ಕಾದಳು. ಎಚ್ಚರವಾಗಲಿಲ್ಲ.